ಓದುಗರ ಪ್ರಶ್ನೆ: ನೈರೋಬಿ ಮಗ್ಗುಲಿನ ಹುಲ್ಲುಗಾವಲು

ಪ್ರಶ್ನೆ: ನೈರೋಬಿಯಲ್ಲಿ ಒಂದೇ ದಿನ ಬಿಡುವು ಸಿಗುತ್ತದೆ. ಊರಿಗೆ ಅಂಟಿಕೊಂಡ ರಾಷ್ಟ್ರೀಯ ಉದ್ಯಾನ ನೋಡಬಹುದೇ? ಅದು ಮೃಗಾಲಯದಂಥದ್ದು ಎನ್ನುತ್ತಾರಲ್ಲ?

ಉತ್ತರ: ಹಾಗೆನ್ನುವವರು ಬಹುಶಃ ಮುಖ್ಯದ್ವಾರದಿಂದಲೇ ವಾಪಸ್ ಬಂದವರು. ಲಾಂಗಾಟಾ ರಸ್ತೆಯ ಆ ದ್ವಾರದ ಪಕ್ಕದಲ್ಲೇ 'ಸಫಾರಿ ವಾಕ್' ಮತ್ತು ಪ್ರಾಣಿಗಳ ಅನಾಥಾಲಯ ಇವೆ. ಅಲ್ಲಿರುವುದು ಆವರಣದೊಳಗಿನ ಪ್ರಾಣಿಗಳು, ಟಿಕೆಟ್ಟೂ ಬೇರೆ. ಹಣ ಕಟ್ಟುವಾಗ 'ನ್ಯಾಷನಲ್ ಪಾರ್ಕ್' ಎಂದೇ ಇದೆಯೇ ನೋಡಿಕೊಳ್ಳಿ. ದ್ವಾರದಲ್ಲಿ ನಗದು ನಡೆಯುವುದಿಲ್ಲ, ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ಕಟ್ಟಿಬಿಡುವುದು ಒಳ್ಳೆಯದು.

ಉದ್ಯಾನ ನಗರದ ನಡುಭಾಗದಿಂದ ಸುಮಾರು 7 ಕಿ.ಮೀ. ದೂರದಲ್ಲಿದೆ. 1946ರಲ್ಲಿ ಆರಂಭವಾದ ಇದು ಕೆನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ. ವಿಸ್ತಾರ 117 ಚದರ ಕಿ.ಮೀ., ಅಂದರೆ ಚಿಕ್ಕದೇ. ಮೂರು ಕಡೆ ಬೇಲಿಯಿದೆ, ದಕ್ಷಿಣದ ಕಡೆ ತೆರೆದಿದೆ. ಮಳೆ ಬಿದ್ದು ಹೊರಗಿನ ಅಥಿ-ಕಪಿಟಿ ಬಯಲು ಹಸಿರಾದರೆ ಜೀಬ್ರಾಗಳು, ವಿಲ್ಡಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು ಅತ್ತ ಚದುರುತ್ತವೆ. ಅಲ್ಲಿ ನೀರು ಬತ್ತಿದ ಮೇಲೆ ಒಳಗಿನ ಕಟ್ಟೆಗಳಿಗೆ ಮರಳುತ್ತವೆ. ಹಾಗಾಗಿ ಜುಲೈನಿಂದ ಅಕ್ಟೋಬರ್, ಇಲ್ಲವೇ ಜನವರಿ-ಫೆಬ್ರುವರಿ ಒಳ್ಳೆಯ ಕಾಲ.

ಬೆಳಗ್ಗೆ 6ಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿರಿ. ಬಿಸಿಲೇರಿದರೆ ಸಿಂಹಗಳು ಪೊದೆಯ ನೆರಳು ಸೇರುತ್ತವೆ. ಈ ಎತ್ತರದಲ್ಲಿ (1,500 ಮೀಟರಿಗೂ ಮೇಲೆ) ಬೆಳಗಿನ ಚಳಿ ಚುರುಕು, ಸ್ವೆಟರ್ ಬೇಕೇ ಬೇಕು.

ಪ್ರಶ್ನೆ: ಬಾಡಿಗೆ ಟ್ಯಾಕ್ಸಿಯಲ್ಲೇ ಒಳಗೆ ಹೋಗಬಹುದೇ?

ಉತ್ತರ: ಒಣ ದಿನಗಳಲ್ಲಿ ಮುಖ್ಯ ದಾರಿಗಳಲ್ಲಿ ನಡೆಯುತ್ತದೆ. ಆದರೆ ಅಲ್ಲಿಯದು ಕಪ್ಪು ಎರೆ ಮಣ್ಣು. ಒಂದು ಜಡಿಮಳೆ ಸಾಕು, ಟೈರಿನ ಪಟ್ಟಿಗಳೊಳಗೆ ಮಣ್ಣು ಮೆತ್ತಿಕೊಂಡು ಚಕ್ರ ನುಣ್ಣಗಾಗುತ್ತದೆ. ಆಮೇಲೆ ಆಕ್ಸಿಲರೇಟರ್ ತುಳಿದಷ್ಟೂ ಕಾರು ಹೂತುಕೊಳ್ಳುತ್ತದೆ, ಸಿಂಹವಿರುವ ಜಾಗದಲ್ಲಿ ಇಳಿದು ತಳ್ಳುವಂತೆಯೂ ಇಲ್ಲ. ಮಾರ್ಚ್‌ನಿಂದ ಮೇವರೆಗೆ ಫೋರ್-ವೀಲ್ ಡ್ರೈವ್ ಇಲ್ಲದೆ ಹೋಗಬೇಡಿ. ಒಣಗಾಲದಲ್ಲೂ ಛಾವಣಿ ಎತ್ತಬಹುದಾದ ಸಫಾರಿ ವ್ಯಾನೇ ಮೇಲು. ಕಾರಿನ ಸೀಟಿನಲ್ಲಿ ಕೂತವರ ಕಣ್ಣಮಟ್ಟಕ್ಕೆ ಹುಲ್ಲು ಅಡ್ಡ ಬರುತ್ತದೆ. ನಿಂತು ನೋಡಿದವರಿಗೆ ಅದೇ ಹುಲ್ಲಿನಲ್ಲಿ ಮಲಗಿದ ಸಿಂಹದ ಕಿವಿ ಕಾಣುತ್ತದೆ.

ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯಬೇಡಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಕೆನ್ಯಾದ ರಾಷ್ಟ್ರೀಯ ಉದ್ಯಾನಗಳಲ್ಲಿ 2020ರ ಜೂನ್‌ನಿಂದ ನಿಷೇಧಿಸಲಾಗಿದೆ. ಸ್ಟೀಲ್ ಬಾಟಲಿ ಇರಲಿ.

ಪ್ರಶ್ನೆ: ಆನೆ ಸಿಗುತ್ತದೆಯೇ?

ಉತ್ತರ: ಬಯಲಿನಲ್ಲಿ ಇಲ್ಲ. ಆನೆ ಹಿಂಡಿಗೆ ಈ ಜಾಗ ಸಾಲದು. ತಬ್ಬಲಿ ಮರಿಗಳನ್ನು ಸಾಕುವ ಶೆಲ್ಡ್ರಿಕ್ ನರ್ಸರಿ ಉದ್ಯಾನದ ಅಂಚಿನಲ್ಲಿದೆ. ಬೆಳಗ್ಗೆ 11ರಿಂದ 12ರವರೆಗೆ ಮಾತ್ರ ನೋಡಬಹುದು, ಮೊದಲೇ ಕಾಯ್ದಿರಿಸಬೇಕು.

ನಮ್ಮನ್ನು ಕೇಳಿದರೆ, ಇಲ್ಲಿಗೆ ಹೋಗಬೇಕಾದದ್ದು ಘೇಂಡಾಮೃಗಕ್ಕಾಗಿ. ಕಪ್ಪು, ಬಿಳಿ ಎರಡೂ ಇವೆ, ಆದರೆ ಬಣ್ಣ ನೋಡಿ ಗುರುತಿಸಲಾಗದು. ಎರಡೂ ಬೂದಿ ಬಣ್ಣದವೇ. ಬಾಯಿ ನೋಡಿ. ಬಿಳಿಯದಕ್ಕೆ ಅಗಲವಾದ ಚಪ್ಪಟೆ ತುಟಿ, ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ. ಕಪ್ಪಿನದಕ್ಕೆ ಕೊಕ್ಕೆಯಂತೆ ಚೂಪಾದ ಮೇಲ್ದುಟಿ, ಅದರಿಂದ ರೆಂಬೆ ಹಿಡಿದು ಪೊದೆಯ ಎಲೆ ತಿನ್ನುತ್ತದೆ. ಹಾಗಾಗಿ ಒಂದನ್ನು ಬಯಲಿನಲ್ಲಿ, ಇನ್ನೊಂದನ್ನು ಪೊದೆಯ ಸಂದಿಯಲ್ಲಿ ಹುಡುಕಬೇಕು.

ಪ್ರಶ್ನೆ: ಜಿರಾಫೆಯ ಹಿಂದೆ ಗಗನಚುಂಬಿ ಕಟ್ಟಡಗಳಿರುವ ಫೋಟೊ ಮೊಬೈಲಿನಲ್ಲಿ ಬರುತ್ತಿಲ್ಲ, ಕಟ್ಟಡ ಚುಕ್ಕಿಯಂತಾಗುತ್ತದೆ.

ಉತ್ತರ: ಜಿರಾಫೆಯ ಹತ್ತಿರ ಹೋದಷ್ಟೂ ಹಾಗೇ ಆಗುತ್ತದೆ. ಪ್ರಾಣಿಯಿಂದ ನೂರು ಮೀಟರ್‌ನಷ್ಟು ದೂರ ನಿಂತು, ಮೊಬೈಲ್ ಬಿಟ್ಟು ಕ್ಯಾಮೆರಾದ 300 ಎಂ.ಎಂ. ಲೆನ್ಸಿನಲ್ಲಿ (ದೂರದ್ದನ್ನು ದೊಡ್ಡದಾಗಿ ತೋರಿಸುವಂಥದ್ದು) ತೆಗೆಯಿರಿ, ಆಗ ಕಟ್ಟಡಗಳು ಬೆನ್ನಿಗೆ ಬಂದು ನಿಲ್ಲುತ್ತವೆ. ನಗರ ಉತ್ತರದಲ್ಲಿದೆ, ನೀವು ದಕ್ಷಿಣದಲ್ಲಿರಬೇಕು. ನೆಲ ಕಾದ ಮೇಲೆ ಬಿಸಿಗಾಳಿಯ ನಡುಕದಲ್ಲಿ ಕಟ್ಟಡಗಳ ಅಂಚು ಅಲುಗುತ್ತದೆ. ಅದಕ್ಕೆ ಯಾವ ಲೆನ್ಸೂ ಮದ್ದಲ್ಲ, ಬೆಳಗ್ಗೆಯೇ ತೆಗೆಯಬೇಕು.