ಐದನೆಯ ನೆಪ

ಸಲಹೆ ಕೇಳಿ ನನ್ನ ಬಳಿ ಬಂದ ಒಬ್ಬ ಮಹಿಳೆಯ ಕಥೆಯಿದು. ಗುರುತು ಸಿಗದಂತೆ ಹೆಸರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ರೂತ್ ಎಂದಿಟ್ಟುಕೊಳ್ಳೋಣ.

ವಯಸ್ಸು ಮೂವತ್ತು ದಾಟಿದೆ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಚಿಕ್ಕಂದಿನಿಂದಲೂ ಉಗ್ಗು. ‘ಪ’ದಿಂದ ಶುರುವಾಗುವ ಮಾತು ಬಂದರೆ ತುಟಿ ಅಂಟಿಕೊಳ್ಳುತ್ತದೆ. ಹಾಗಾಗಿ ‘ಪ್ರಶ್ನೆ ಇದೆ’ ಎನ್ನುವ ಬದಲು ‘ಡೌಟಿದೆ’ ಎನ್ನುತ್ತಾರೆ. ಅವರ ಚರ್ಚ್ ಸಭೆಯ ಪಾಸ್ಟರ್ ಸಂಡೇ ಸ್ಕೂಲಿನ ಚಿಕ್ಕಮಕ್ಕಳ ತರಗತಿ ನೋಡಿಕೊಳ್ಳಮ್ಮಾ ಎಂದು ಕೇಳಿದಾಗ ಆಗಲ್ಲ ಎಂದುಬಿಟ್ಟಿದ್ದರು. ಅಲ್ಲಿಂದ ನಿದ್ದೆ ಕೆಟ್ಟಿತ್ತು. “ಪಾಸ್ಟರ್‌ಗಲ್ಲ ಮೇಡಂ, ದೇವರಿಗೇ ಇಲ್ಲ ಅಂದ ಹಾಗಾಯ್ತು” ಎಂದು ಅತ್ತರು.

ಅವರಿಗೆ ಇನ್ನೊಂದು ಗಾಯವೂ ಇತ್ತು. ಹಿಂದೆ ಕೆಲವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಉಗ್ಗು ಹೋಗದಿದ್ದಾಗ ‘ನಿನ್ನ ನಂಬಿಕೆ ಸಾಲದು’ ಎಂದಿದ್ದರಂತೆ. ಇದನ್ನು ಕೇಳಿ ನನಗೆ ಬಹಳ ನೋವಾಯಿತು. ಉಗ್ಗು ಅಪನಂಬಿಕೆಯ ಗುರುತಲ್ಲ, ಅಂಜುಬುರುಕತನವೂ ಅಲ್ಲ. ಮಾತನ್ನು ಹೊಂದಿಸುವ ಮೆದುಳಿನ ಕೆಲಸಕ್ಕೆ ಸೇರಿದ್ದು, ಕೆಲವು ಕುಟುಂಬಗಳಲ್ಲಿ ವಂಶದಲ್ಲೇ ಬರುತ್ತದೆ. ಬೈಬಲಿನಲ್ಲಿ ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲ ತೊಲಗಲಿ ಎಂದು ಮೂರು ಸಾರಿ ಬೇಡಿಕೊಂಡನು. ಅದು ತೊಲಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ಅವನ ನಂಬಿಕೆ ಕಡಿಮೆಯಿತ್ತೆಂದು ಯಾರೂ ಹೇಳುವುದಿಲ್ಲವಲ್ಲ ಎಂದೆ. ಆ ದಿನ ಬೇರೇನೂ ಮಾತಾಡಲಿಲ್ಲ. ಆ ಭಾರ ಇಳಿಯದೆ ಮುಂದಿನ ಮಾತಿಗೆ ಅರ್ಥವಿರಲಿಲ್ಲ.

ಮುಂದಿನ ಭೇಟಿಯಲ್ಲಿ ಕಾರಣಗಳನ್ನು ಒಂದೊಂದಾಗಿ ನೋಡಿದೆವು. ಮಾತು ಬರುವುದಿಲ್ಲ ಎಂದರು. ಕಥೆ ಬೇರೆಯವರು ಹೇಳಲಿ, ನೀವು ಹಾಡು ಹೇಳಿಕೊಡಿ ಎಂದರೆ ಭಾನುವಾರ ಸಮಯವಿಲ್ಲ. ತಿಂಗಳಿಗೊಂದೇ ಭಾನುವಾರ ಎಂದರೆ, ನನಗಿಂತ ಚೆನ್ನಾಗಿ ಮಾಡುವವರು ಇದ್ದಾರೆ. ಕೊನೆಗೆ, ದೇವರ ಚಿತ್ತ ಇನ್ನೂ ತಿಳಿದಿಲ್ಲ. ನಿಜವಾದ ಅಡ್ಡಿಗೆ ದಾರಿ ಸಿಕ್ಕರೆ ಮನಸ್ಸು ಹಗುರಾಗುತ್ತದೆ. ನೆಪವಾದರೆ ಅದರ ಜಾಗಕ್ಕೆ ತಕ್ಷಣ ಇನ್ನೊಂದು ಬಂದು ನಿಲ್ಲುತ್ತದೆ. ರೂತ್ ಅವರಲ್ಲಿ ಎರಡೂ ಹೆಣೆದುಕೊಂಡಿದ್ದವು.

ಬೈಬಲಿನ ವಿಮೋಚನಕಾಂಡದ 3 ಮತ್ತು 4ನೆಯ ಅಧ್ಯಾಯಗಳನ್ನು ಜೊತೆಯಾಗಿ ಓದಿದೆವು. ಇಸ್ರಾಯೇಲ್ಯರನ್ನು ಐಗುಪ್ತದ ದಾಸತ್ವದಿಂದ ಬಿಡಿಸಲು ಹೋಗು ಎಂದು ದೇವರು ಕರೆದಾಗ ಮೋಶೆ ಹಿಂಜರಿಯುವುದು ಅಲ್ಲಿದೆ. ನಾನು ಎಷ್ಟರವನು, ನಿನ್ನ ಹೆಸರೇನೆಂದು ಹೇಳಲಿ, ಅವರು ನಂಬದಿದ್ದರೆ, ನನ್ನ ನಾಲಿಗೆ ಮಂದ. ಮೋಶೆಯ ಈ ನಾಲ್ಕಕ್ಕೂ ದೇವರು ಸಮಾಧಾನದಿಂದ ಉತ್ತರ ಕೊಡುತ್ತಾನೆ. ಐದನೆಯದು ಬೇರೆ ಯಾರನ್ನಾದರೂ ಕಳುಹಿಸು ಎಂಬ ಬೇಡಿಕೆ. ಅದರಲ್ಲಿ ಕಾರಣವೇ ಇಲ್ಲ, ಮನಸ್ಸಿಲ್ಲ ಅಷ್ಟೆ. ದೇವರಿಗೆ ಸಿಟ್ಟು ಬರುವುದು ಅಲ್ಲಿ. ಆದರೆ ಆ ಸಿಟ್ಟಿನಲ್ಲೂ ಮೋಶೆಯ ಪರವಾಗಿ ಮಾತಾಡಲು ಅವನ ಅಣ್ಣ ಆರೋನನನ್ನು ಕೊಡುತ್ತಾನೆ, ಆರೋನ ಆಗಲೇ ತಮ್ಮನನ್ನು ಕಾಣಲು ಹೊರಟಿದ್ದಾನೆ ಎಂದೂ ಹೇಳುತ್ತಾನೆ. ರೂತ್ ಆ ವಚನದ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕುಳಿತಿದ್ದರು. ಆಮೇಲೆ, “ನನಗೆ ಉಗ್ಗಿನ ಭಯವಲ್ಲ ಮೇಡಂ, ಮಕ್ಕಳು ನಕ್ಕರೆ ಅನ್ನೋ ಭಯ” ಎಂದರು.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು ವಾಕ್ ಚಿಕಿತ್ಸಕರನ್ನು ಕಾಣಿ, ಚಿಕಿತ್ಸೆ ಪಡೆಯುವುದು ನಂಬಿಕೆಗೆ ವಿರುದ್ಧವಲ್ಲ. ಉಗ್ಗು ತೆಗೆದುಬಿಡು ಎಂಬ ಪ್ರಾರ್ಥನೆಯನ್ನು ಬಿಡಬೇಕಿಲ್ಲ. ಅದರ ಜೊತೆಗೆ ಈ ವಾರದ ಒಂದು ಹೆಜ್ಜೆಗೆ ಬೇಕಾದ ಧೈರ್ಯವನ್ನೂ ಕೇಳಿ. ಹಿಂಜರಿಕೆ ಬಂದಾಗಲೆಲ್ಲ ಕಾರಣವನ್ನು ಬರೆದು, ‘ಇದು ನಾಳೆಯೇ ಸರಿಹೋದರೆ ನಾನು ಹೋಗುತ್ತೇನೆಯೇ?’ ಎಂದು ದೇವರ ಮುಂದೆ ಕೇಳಿಕೊಳ್ಳಿ. ಮೊದಲ ದಿನವೇ ಮಕ್ಕಳಿಗೆ, ನನಗೆ ಮಾತು ಸ್ವಲ್ಪ ತಡವಾಗಿ ಬರುತ್ತೆ, ಕಾಯಬೇಕು ಎಂದು ಹೇಳಿಬಿಡಿ. ಮುಚ್ಚಿಡುವ ಶ್ರಮ ತಪ್ಪಿದರೆ ಉಗ್ಗಿನ ಬಿಗಿ ಅನೇಕರಲ್ಲಿ ಸಡಿಲವಾಗುತ್ತದೆ. ಹಾಡುವಾಗ, ಎಲ್ಲರೊಡನೆ ಒಟ್ಟಾಗಿ ಹೇಳುವಾಗ ಉಗ್ಗು ಬಹುಪಾಲು ಕಾಣಿಸುವುದಿಲ್ಲ. ಸಭೆಯಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಆ ‘ಪ’ದಿಂದಲೇ ಶುರುವಾಗುವ ಪ್ರಾರ್ಥನೆಯನ್ನು ರೂತ್ ಸಲೀಸಾಗಿ ಹೇಳುತ್ತಿದ್ದರು, ಅದನ್ನು ಗಮನಿಸಿಯೇ ಇರಲಿಲ್ಲ. ಹಾಗಾಗಿ ಹಾಡು ಮತ್ತು ಬಾಯಿಪಾಠದ ವಚನದಿಂದ ಆರಂಭಿಸಲು ಹೇಳಿದೆ, ಕಥೆಗೆ ಇನ್ನೊಬ್ಬ ಶಿಕ್ಷಕಿ. ಆದರೆ ಆರೋನನ ಹಿಂದೆ ಸದಾ ಅಡಗಿರುವುದು ಬೇಡ. ಬೈಬಲಿನ ಧರ್ಮೋಪದೇಶಕಾಂಡದ ಬಹುಭಾಗ ಅದೇ ಮಂದ ನಾಲಿಗೆಯ ಮೋಶೆಯ ಮಾತುಗಳೇ.

ಸಭಾಪಾಲಕರಿಗೂ ಒಂದು ಮಾತು. ಒಲ್ಲೆ ಎಂದವರೆಲ್ಲ ನೆಪ ಹೇಳುತ್ತಿಲ್ಲ. ಮನೆಯಲ್ಲಿ ರೋಗಿಯನ್ನು ನೋಡಿಕೊಂಡು ಸೋತವರ ಮೇಲೆ ಮೋಶೆಯ ಕಥೆ ಹೇರಬೇಡಿ. ಅವರಿಗೆ ಬೇಕಾದದ್ದು ವಿಶ್ರಾಂತಿ.

ರೂತ್ ಈಗ ತರಗತಿಯಲ್ಲಿದ್ದಾರೆ. ಮೊದಲ ದಿನ ಒಬ್ಬ ಹುಡುಗ ನಕ್ಕನಂತೆ. ಪಕ್ಕದವಳು “ಟೀಚರ್ ಕಾಯಿರಿ ಅಂದಿದ್ದಾರಲ್ಲ” ಎಂದು ಅವನಿಗೆ ಗದರಿದಳಂತೆ. ಉಗ್ಗು ಹೋಗಿಲ್ಲ, ಚಿಕಿತ್ಸೆ ನಡೆದಿದೆ. ಒಂದು ಸಣ್ಣ ಕಥೆಯನ್ನು ತಾವೇ ಹೇಳಿದ್ದಾರೆ. ಆಫೀಸಿನ ಫೋನನ್ನು ಮಾತ್ರ ಇನ್ನೂ ಎತ್ತುವುದಿಲ್ಲ. ಮುಂದಿನ ಭೇಟಿಗೆ ಆ ವಿಷಯ ಇಟ್ಟುಕೊಂಡಿದ್ದೇವೆ.