ಡೈನರ್ಸ್ ಕ್ಲಬ್ ಬ್ಯಾಂಕಿನ ಕಾರ್ಡಾ?

ನಮಸ್ಕಾರ. ಮೊದಲ ಬ್ಯಾಂಕ್ ಕ್ರೆಡಿಟ್ ಕಾರ್ಡ್ ಡೈನರ್ಸ್ ಕ್ಲಬ್ಬೇ ತಾನೇ ಎಂದು ಕೇಳಿದ್ದೀರಿ. ಅಲ್ಲ. 1950ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಅದು ಬ್ಯಾಂಕೇ ಅಲ್ಲ, ಬೇರೆ ಕಂಪನಿ. ಬಿಲ್ ಬಂದಾಗ ಪೂರ್ತಿ ಕಟ್ಟಬೇಕಿತ್ತು. ಬ್ಯಾಂಕುಗಳ ಕಡೆಯಿಂದ ಬ್ರೂಕ್ಲಿನ್‌ನ ಬ್ಯಾಂಕರ್ ಜಾನ್ ಬಿಗಿನ್ಸ್ 1946ರಲ್ಲೇ 'ಚಾರ್ಜ್-ಇಟ್' ಎಂಬ ಸಾಲದ ವ್ಯವಸ್ಥೆ ತಂದಿದ್ದರು. ಆದರೆ ಅದು ಸುತ್ತಮುತ್ತಲ ಅಂಗಡಿಗಳಲ್ಲಷ್ಟೇ ನಡೆಯುತ್ತಿತ್ತು.

ನಿಜವಾದ ತಿರುವು ಬಂದದ್ದು 1958ರ ಸೆಪ್ಟೆಂಬರಿನಲ್ಲಿ. ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಸುಮಾರು 60,000 ಜನರಿಗೆ, ಯಾರೂ ಕೇಳದಿದ್ದರೂ, ಅಂಚೆಯಲ್ಲಿ 'ಬ್ಯಾಂಕ್‌ಅಮೆರಿಕಾರ್ಡ್' ಎಂಬ ಕಾರ್ಡ್ ಕಳಿಸಿಬಿಟ್ಟಿತು! ಯಾಕೆ ಗೊತ್ತಾ? ಜನರ ಕೈಯಲ್ಲಿ ಕಾರ್ಡ್ ಇಲ್ಲದಿದ್ದರೆ ಅಂಗಡಿಯವರು ಸೇರುವುದಿಲ್ಲ. ಅಂಗಡಿಗಳು ಸೇರದಿದ್ದರೆ ಜನ ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಆ ಗಂಟು ಬಿಡಿಸಿದ್ದು ಈ ಉಪಾಯ. ಸಾಲವನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ, ಬಡ್ಡಿ ಸೇರಿಸಿ ತೀರಿಸಬಹುದಿತ್ತು. ನನ್ನ ಪ್ರಕಾರ ಇಂದಿನ ಕಾರ್ಡಿನ ಬೇರು ಇಲ್ಲೇ ಇದೆ.

ಶುರುವಿನಲ್ಲಿ ಮೋಸ, ಬಾಕಿ ಎರಡೂ ಜಾಸ್ತಿಯಾಗಿ ಬ್ಯಾಂಕಿಗೆ ಲಕ್ಷಗಟ್ಟಲೆ ಡಾಲರ್ ನಷ್ಟವಾಯಿತು. ಕೇಳದೆ ಕಾರ್ಡ್ ಕಳಿಸುವುದನ್ನು ಅಮೆರಿಕ 1970ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ಒಳ್ಳೆಯ ಕೆಲಸವೇ ಅಲ್ವಾ? ಅಂದಹಾಗೆ, ಆ ಬ್ಯಾಂಕ್‌ಅಮೆರಿಕಾರ್ಡೇ 1976ರಲ್ಲಿ ವೀಸಾ ಎಂದು ಹೆಸರು ಬದಲಿಸಿಕೊಂಡಿತು.