ಮ್ಯಾನೇಜರ್ ಕೆಲಸ ಬಿಟ್ಟು ಸ್ವಂತ ಲಾರಿ ಓಡಿಸಬಹುದಾ?

ವಯಸ್ಸು 36, ಬೆಂಗಳೂರಿನಲ್ಲಿ ಆಪರೇಷನ್ಸ್ ಮ್ಯಾನೇಜರ್, ಊರು ಬೇಲೂರಿನ ಹತ್ತಿರ, ಕೈಯಲ್ಲಿ 9 ಲಕ್ಷ ಇದೆ. ಹೊಸ ಹತ್ತು ಚಕ್ರದ ಲಾರಿ ಸಾಲದಲ್ಲಿ ತಗೊಂಡು ನಾನೇ ಓಡಿಸಬೇಕು ಅಂತಿದ್ದೀನಿ, ಬಾಸ್ ಕಾಟ ಇರಲ್ಲ, ಸರಿಯಾ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ನಗು ಬಂತು, ತಪ್ಪು ತಿಳಿಯಬೇಡಿ. ನಗು ಬಂದಿದ್ದು ಆ ಬಾಸ್ ಕಾಟದ ಮಾತಿಗೆ.

ನಾನು ಹಾಸನದ ಒಂದು ಬಟ್ಟೆ ಕಾರ್ಖಾನೆಯಲ್ಲಿ 11 ವರ್ಷ ಇದ್ದೆ. ಕೊನೆಯ 6 ವರ್ಷ ಡಿಸ್ಪ್ಯಾಚ್ ಮ್ಯಾನೇಜರ್. ಕೈಗೆ ಬರುತ್ತಿದ್ದದ್ದು 62 ಸಾವಿರ. 2023ರಲ್ಲಿ ಬಿಟ್ಟೆ. ಈಗ ನನ್ನದೇ ಲಾರಿ, ನಾನೇ ಡ್ರೈವರ್. ಮೊದಲ ವರ್ಷ ಒಂದು ಸಲ ಅದೇ ಕಾರ್ಖಾನೆಗೆ ಲೋಡಿಗೆ ಹೋಗಬೇಕಾಯಿತು. ಗೇಟಿನಲ್ಲಿದ್ದ ಸೆಕ್ಯೂರಿಟಿಯವರು ನನ್ನ ಮುಖ ನೋಡಿ ಎದ್ದು ನಿಂತರು. ಆಮೇಲೆ ಹಿಂದಿದ್ದ ಗಾಡಿ ನೋಡಿ ಕೂತುಕೊಂಡರು. 'ಸಾರ್, ಗಾಡಿ ಹೊರಗೇ ಸೈಡಿಗೆ ಹಾಕಿ, ಒಳಗಿಂದ ಫೋನ್ ಬರಬೇಕು' ಅಂದರು. ಆ ನಿಯಮ ಮಾಡಿದ್ದು ನಾನೇ. ಐದು ಗಂಟೆ ಕಾದೆ. ಆರು ವರ್ಷ ಎಷ್ಟು ಜನ ಡ್ರೈವರ್‌ಗಳನ್ನು ಹೀಗೆ ಬಿಸಿಲಲ್ಲಿ ಕೂರಿಸಿದ್ದೆನೋ, ಅವತ್ತು ಲೆಕ್ಕ ಹಾಕೋಕೆ ಬೇಕಾದಷ್ಟು ಟೈಮ್ ಇತ್ತು.

ಹಾಗಾಗಿ ಬಾಸ್ ಇರಲ್ಲ ಅನ್ನೋದನ್ನು ಮನಸ್ಸಿನಿಂದ ತೆಗೆದುಹಾಕಿ. ಲಾರಿ ಆಫೀಸಿನ ಏಜೆಂಟ್, ಲೋಡ್ ಕಳಿಸುವವರು, ಇಳಿಸಿಕೊಳ್ಳುವವರು, ಹಮಾಲಿಗಳ ಮೇಸ್ತ್ರಿ, ಕಂತಿನ ದಿನ ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡುವ ಫೈನಾನ್ಸ್‌ನವರು, ಎಲ್ಲರೂ ಬಾಸ್‌ಗಳೇ. ಮಳೆಗಾಲದಲ್ಲಿ ಶಿರಾಡಿ ಘಾಟಿ ಎಲ್ಲರಿಗಿಂತ ದೊಡ್ಡ ಬಾಸ್.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಓನರ್ ಕಮ್ ಡ್ರೈವರ್ ಆದವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ತಿಂಗಳ ಕೊನೆಗೆ ಜೇಬಲ್ಲಿ ಉಳಿದದ್ದೆಲ್ಲ ಲಾಭ ಅಂತ ತಿಳಿದುಕೊಳ್ಳುತ್ತಾರೆ. ಅದರಲ್ಲಿ ನಿಮ್ಮ ಸ್ವಂತ ಕೂಲಿಯೂ ಸೇರಿರುತ್ತೆ. ಆ ಗಾಡಿಗೆ ಬೇರೆ ಡ್ರೈವರ್ ಇಟ್ಟಿದ್ದರೆ ಸಂಬಳ, ಬತ್ತೆ ಕೊಡಲೇಬೇಕಿತ್ತು ಅಲ್ವಾ? ಅದಕ್ಕೆ ನಾನು ಎರಡು ಪುಸ್ತಕ ಇಟ್ಟಿದ್ದೀನಿ. ಒಂದು ಡ್ರೈವರ್ ಪುಸ್ತಕ, ಒಂದು ಓನರ್ ಪುಸ್ತಕ. ಓನರ್ ಪ್ರತಿ ತಿಂಗಳು ಡ್ರೈವರಿಗೆ 28 ಸಾವಿರ ಕೊಡುತ್ತಾನೆ. ಇಬ್ಬರೂ ನಾನೇ. ಹುಚ್ಚು ಅಂತ ನನ್ನ ಮನೆಯವರು ನಗುತ್ತಾರೆ, ಆದರೆ ಕಣ್ಣು ತೆರೆಸಿದ್ದು ಆ ಎರಡನೇ ಪುಸ್ತಕವೇ.

ನನ್ನದು 2019ರ ಮಾಡೆಲ್ ಹತ್ತು ಚಕ್ರದ ಗಾಡಿ, ಒಟ್ಟು ತೂಕ 28 ಟನ್, ಲೋಡು ಸುಮಾರು 18 ಟನ್. 18 ಲಕ್ಷಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡೆ. 8 ಲಕ್ಷ ಕೈಯಿಂದ, 10 ಲಕ್ಷ ಸಾಲ, ಶೇ 14 ಬಡ್ಡಿ, 3 ವರ್ಷ. ಕಂತು 34 ಸಾವಿರದ ಚಿಲ್ಲರೆ. ತಿಂಗಳಿಗೆ 5 ಸಾವಿರ ಕಿಲೋಮೀಟರ್ ಓಡಿದರೆ, ಲೀಟರಿಗೆ 4 ಕಿ.ಮೀ. ಮೈಲೇಜ್, ಡೀಸೆಲ್ 90 ರೂಪಾಯಿ ಅಂತ ಹಿಡಿದರೂ ಒಂದು ಲಕ್ಷದ ಹನ್ನೆರಡೂವರೆ ಸಾವಿರ ಬಂಕಿಗೇ ಹೋಗುತ್ತೆ. ಹತ್ತು ಟೈರಿಗೆ 2 ಲಕ್ಷ, 70 ಸಾವಿರ ಕಿ.ಮೀ. ಬಾಳಿಕೆ ಅಂದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 3 ರೂಪಾಯಿ, ತಿಂಗಳಿಗೆ 15 ಸಾವಿರ. ಈ 15 ಸಾವಿರ ತಿಂಗಳು ತಿಂಗಳು ಯಾರೂ ಕೇಳಲ್ಲ, ಅದಕ್ಕೇ ಜನ ಅದನ್ನು ಖರ್ಚು ಮಾಡಿಬಿಡುತ್ತಾರೆ. ವಿಮೆ, ಟ್ಯಾಕ್ಸ್, ಪರ್ಮಿಟ್, ಎಫ್‌ಸಿ (ಗಾಡಿ ಓಡೋಕೆ ಯೋಗ್ಯ ಅನ್ನುವ ಸರ್ಟಿಫಿಕೇಟ್) ಎಲ್ಲ ಸೇರಿ ತಿಂಗಳ ಪಾಲು 13 ಸಾವಿರ. ನಮ್ಮ ತೂಕದ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಒಂದೇ, 2022ರಲ್ಲಿ ನಿಗದಿಯಾದ ದರದಲ್ಲಿ, ವರ್ಷಕ್ಕೆ 43,950 ರೂಪಾಯಿ. ಟೋಲು, ಹಮಾಲಿ, ದಾರಿ ಖರ್ಚು 14 ಸಾವಿರ. ರಿಪೇರಿಗೆ 10 ಸಾವಿರ ಎತ್ತಿಡಿ.

ಒಟ್ಟು ಒಂದು ಲಕ್ಷದ ತೊಂಬತ್ತೆಂಟೂವರೆ ಸಾವಿರ. ನನಗೆ ಒಳ್ಳೆಯ ತಿಂಗಳಲ್ಲಿ ಬಾಡಿಗೆ 2 ಲಕ್ಷದ 40 ಸಾವಿರ ಬರುತ್ತೆ. ಉಳಿಯೋದು 41,500. ಡ್ರೈವರ್‌ಗೆ 28 ಸಾವಿರ ಕೊಟ್ಟರೆ ಓನರಿಗೆ 13,500. ಎಂಟು ಲಕ್ಷ ಹಾಕಿ, ರಾತ್ರಿ ನಿದ್ದೆ ಕೆಟ್ಟು, 13,500. ಕೆಟ್ಟ ತಿಂಗಳಲ್ಲಿ ಓನರ್ ಡ್ರೈವರ್ ಹತ್ತಿರವೇ ಸಾಲ ಮಾಡುತ್ತಾನೆ.

ನಿಮ್ಮ ಹೊಸ ಗಾಡಿಗೆ ಬನ್ನಿ. ನಿಮ್ಮ 9 ಲಕ್ಷ ಹೋಗಿ 28 ಲಕ್ಷ ಸಾಲ ಅಂತ ಇಟ್ಟುಕೊಳ್ಳಿ. ಶೇ 10 ಬಡ್ಡಿಗೆ 5 ವರ್ಷ ಅಂದರೆ ಕಂತು 59 ಸಾವಿರ ದಾಟುತ್ತೆ. ರಿಪೇರಿಯ 10 ಸಾವಿರ ಪೂರ್ತಿ ಉಳಿಯಿತು ಅಂದರೂ ನನ್ನ ಲೆಕ್ಕದಲ್ಲಿ ಕೈಗೆ ಸಿಗೋದು 26 ಸಾವಿರ. ಡ್ರೈವರ್ ಸಂಬಳಕ್ಕೂ ಎರಡು ಸಾವಿರ ಕಮ್ಮಿ. ಬೇರೆಯವರ ಗಾಡಿ ಓಡಿಸಿದರೆ ಅದಕ್ಕಿಂತ ಜಾಸ್ತಿ ಸಿಗುತ್ತೆ, ಕಂತಿನ ತಲೆಬಿಸಿಯೂ ಇರಲ್ಲ. ಹೊಸದು ಬೇಡ ಅಂತ ನಾನು ಹೇಳೋದು ಇದಕ್ಕೆ.

ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡೋದು ರಿಟರ್ನ್ ಲೋಡು. ಹಾಸನದಿಂದ ಮಂಗಳೂರು 170 ಕಿ.ಮೀ. ಹೋಗುವ ಲೋಡು ಇಲ್ಲಿ ಹೇಗೋ ಸಿಗುತ್ತೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಆಲೂಗಡ್ಡೆ, ಆಮೇಲೆ ಮುಸುಕಿನ ಜೋಳ, ಶುಂಠಿ, ಕಾಫಿ ಕೊಯ್ಲು ಶುರುವಾದರೆ ಕಾಫಿ. ವಾಪಸ್ ಬರುವಾಗ ಖಾಲಿ ಬಂದರೆ ಮೈಲೇಜ್ ಸ್ವಲ್ಪ ಜಾಸ್ತಿ ಸಿಗುತ್ತೆ, ಆದರೂ 30 ಲೀಟರ್ ಡೀಸೆಲ್, ಅಂದರೆ 2,700 ರೂಪಾಯಿ ಸುಮ್ನೆ ಸುಟ್ಟ ಹಾಗೆ. ಲೋಡಿಗೆ ಕಾಯುತ್ತಾ ಎರಡು ದಿನ ಮಂಗಳೂರಿನ ಸೆಕೆಯಲ್ಲಿ ಕೂತರೆ ಇನ್ನೂ ನಷ್ಟ. ಖಾಲಿ ಬರಬೇಕಾ, ಕಾಯಬೇಕಾ ಅನ್ನೋದನ್ನು ಸರಿಯಾಗಿ ನಿರ್ಧರಿಸೋಕೆ ನನಗೆ ಒಂದು ವರ್ಷ ಬೇಕಾಯಿತು. ಈಗ ನನ್ನ ನಿಯಮ, ಮಧ್ಯಾಹ್ನ ಎರಡರ ಒಳಗೆ ಲೋಡು ಗಟ್ಟಿಯಾಗದಿದ್ದರೆ ಖಾಲಿ ಹೊರಡೋದು. ಎಲ್ಲರಿಗೂ ಇದೇ ಸರಿ ಅಂತ ಅಲ್ಲ.

2024ರ ಜುಲೈನ ಕಥೆ ಹೇಳಿಬಿಡ್ತೀನಿ. ಮಂಗಳೂರಿನ ಪಣಂಬೂರಿನಿಂದ ಯೂರಿಯಾ ಗೊಬ್ಬರ ತುಂಬಿದ್ದೆ, 45 ಕೆಜಿಯ 400 ಚೀಲ. ರಿಟರ್ನ್ ಲೋಡು ಬೇಗ ಸಿಕ್ಕ ಖುಷಿಯಲ್ಲಿದ್ದೆ. ಶಿರಾಡಿ ಘಾಟಿಯ ಬುಡದ ಗುಂಡ್ಯಕ್ಕೆ ಬರೋಷ್ಟರಲ್ಲಿ ಸಕಲೇಶಪುರದ ಕಡೆ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್. ಇನ್ನೊಂದು ದಾರಿಯಾದ ಚಾರ್ಮಾಡಿ ಘಾಟಿಯಲ್ಲಿ ನಮ್ಮಂಥ ಭಾರಿ ಗಾಡಿ ಬಿಡಲ್ಲ. ಹಿಂದೆ ಮುಂದೆ ಲಾರಿಗಳ ಸಾಲು. ಮಳೆ ಅಂದರೆ ಮಳೆ. ಟಾರ್ಪಲ್ ಎರಡು ಹಾಕಿದ್ದೆ, ಆದರೆ ಹಿಂದಿನ ಮೂಲೆಯಲ್ಲಿ ಹಗ್ಗ ಸಡಿಲವಾಗಿ ನೀರು ಇಳಿದದ್ದು ಗೊತ್ತಾಗಲಿಲ್ಲ. ಯೂರಿಯಾಗೆ ತೇವ ತಾಗಿದರೆ ಕಲ್ಲಾಗುತ್ತೆ.

ಅವತ್ತು ರಾತ್ರಿ ಇನ್ನೊಂದು ಗಾಬರಿ. ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಕಾಗದ ಇ-ವೇ ಬಿಲ್. ಅದಕ್ಕೆ 200 ಕಿ.ಮೀ.ಗೆ ಒಂದು ದಿನದ ಅವಧಿ. ನಮ್ಮದು 200ರ ಒಳಗಿನ ದಾರಿ, ಹಾಗಾಗಿ ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿಗೆ ಮುಗಿಯುತ್ತೆ, ನನ್ನದಕ್ಕೆ ಅದು ಅವತ್ತೇ ರಾತ್ರಿ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ತನಕ ಅದನ್ನು ವಿಸ್ತರಿಸಬಹುದು. ಇದು ನನಗೆ ಡಿಸ್ಪ್ಯಾಚ್ ಕೆಲಸದಿಂದ ಗೊತ್ತಿತ್ತು. ಟ್ರಾನ್ಸ್‌ಪೋರ್ಟ್ ಆಫೀಸಿನ ಹುಡುಗನನ್ನು ನಿದ್ದೆಯಿಂದ ಎಬ್ಬಿಸಿ, ಮಳೆ ಗಾಳಿಯ ಕಾರಣ ಹಾಕಿಸಿ ಮುಂದೂಡಿಸಿದೆ. ಅಕ್ಕಪಕ್ಕದ ಮೂರು ಗಾಡಿಯ ಡ್ರೈವರ್‌ಗಳು 'ಅಣ್ಣಾ, ನಮ್ದೂ ನೋಡಣ್ಣ' ಅಂತ ಫೋನ್ ಹಿಡಿದು ಬಂದರು. ಹನ್ನೊಂದು ವರ್ಷದ ಆಫೀಸು ಅನುಭವ ಉಪಯೋಗಕ್ಕೆ ಬಂದದ್ದು ಗುಂಡ್ಯದ ಚಾ ಅಂಗಡಿ ಮುಂದೆ.

ಕೊನೆಗೆ ಹಾಸನ ತಲುಪಿ ಇಳಿಸುವಾಗ 14 ಚೀಲ ಗಟ್ಟಿಯಾಗಿತ್ತು. ಇಳಿಸಿಕೊಂಡವರು ಅದರ ಬೆಲೆಯನ್ನು ನನ್ನ ಬಾಕಿ ಬಾಡಿಗೆಯಲ್ಲಿ ಮುರಿದುಕೊಂಡರು. ನ್ಯಾಯವೇ, ಟಾರ್ಪಲ್ ಕಟ್ಟಿದ್ದು ನಾನು. ಆದರೆ ಉಳಿದ ಬಾಕಿಗೂ 50 ದಿನ ಓಡಾಡಿಸಿದ್ದು ಮಾತ್ರ ನ್ಯಾಯ ಅಲ್ಲ. ಲೋಡಾದಾಗ ಅಡ್ವಾನ್ಸ್ ಸಿಗುತ್ತೆ, ಬ್ಯಾಲೆನ್ಸ್ ಸಹಿ ಹಾಕಿದ ರಸೀದಿ ತಂದುಕೊಟ್ಟ ಮೇಲೆ. ಡೀಸೆಲ್ ಹಾಕುವವರು 50 ದಿನ ಕಾಯಲ್ಲ. ಆದ್ದರಿಂದ ಗಾಡಿಗೆ ಹಾಕುವ ದುಡ್ಡು ಬೇರೆ, ಮೂರು ತಿಂಗಳ ಕಂತು ಮತ್ತು ಡೀಸೆಲ್‌ಗೆ ಇಟ್ಟುಕೊಳ್ಳುವ ದುಡ್ಡು ಬೇರೆ. ನಿಮ್ಮ 9 ಲಕ್ಷದಲ್ಲಿ ಗಾಡಿಗೆ 5ಕ್ಕಿಂತ ಜಾಸ್ತಿ ಹಾಕಬೇಡಿ.

ಇಷ್ಟೆಲ್ಲ ಇದ್ದರೂ ಯಾಕೆ ಬಿಟ್ಟಿಲ್ಲ ಅಂತ ಕೇಳಬಹುದು. ಕಾಫಿ ಲೋಡು ಒಂದು ಕಾರಣ. 2025ರಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ) 50 ಕೆಜಿ ಮೂಟೆಗೆ 25 ಸಾವಿರ ದಾಟಿತ್ತು. ನನ್ನ ಗಾಡಿಯಲ್ಲಿ 360 ಮೂಟೆ ಹಿಡಿಯುತ್ತೆ. ಅಂದರೆ 90 ಲಕ್ಷದ ಮಾಲು, ಗಾಡಿಯ ಐದು ಪಟ್ಟು ಬೆಲೆ. ಅಂಥ ಲೋಡನ್ನು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರು ಗುರುತಿಲ್ಲದವರ ಕೈಗೆ ಕೊಡಲ್ಲ. ಎರಡು ವರ್ಷ ಆದಮೇಲೆ ನನಗೆ ಕೊಡೋಕೆ ಶುರು ಮಾಡಿದರು. ಆ ಲೋಡು ಹಾಕಿಕೊಂಡು ದಾರಿಯಲ್ಲಿ ಎಲ್ಲೂ ಮಲಗಲ್ಲ. ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿ ಇಳಿಯುವಾಗ, ಹತ್ತೋಕೆ ಯಾವ ಗೇರು ಬೇಕೋ ಅದೇ ಗೇರಿನಲ್ಲಿ, ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಿಡಿದು, ಕಾಲನ್ನು ಬ್ರೇಕಿನಿಂದ ಆದಷ್ಟು ದೂರ ಇಟ್ಟುಕೊಂಡು ಇಳಿಯೋದರಲ್ಲಿ ಒಂದು ಸುಖ ಇದೆ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಹಾಕಿ ಇಳಿಯುವವರೂ ಇದ್ದಾರೆ. ಅವರ ಬ್ರೇಕ್ ಲೈನರ್ ಸುಟ್ಟ ವಾಸನೆ ಹಿಂದಿನ ಗಾಡಿಯಲ್ಲಿರುವ ನಮಗೆ ಬರುತ್ತೆ.

ಮನೆಯ ಮಾತು. ನನ್ನ ಮನೆಯವರು ಹೈಸ್ಕೂಲ್ ಟೀಚರ್. ಮೊದಲ ಒಂದೂವರೆ ವರ್ಷ ಅಡುಗೆಮನೆ ನಡೆದದ್ದು, ಮಗಳ ಫೀಸು ಕಟ್ಟಿದ್ದು ಅವರ ಸಂಬಳದಲ್ಲಿ. ಇದನ್ನು ಬಚ್ಚಿಟ್ಟು ಸಲಹೆ ಕೊಟ್ಟರೆ ಮೋಸ ಆಗುತ್ತೆ. 'ಮ್ಯಾನೇಜರ್ ಅಂತ ಹೆಣ್ಣು ಕೊಟ್ಟಿದ್ದು' ಅಂತ ಮಾವ ಒಂದು ಸಲ ಅಂದರು. ಈ ಸಲ ಆಯುಧಪೂಜೆಗೆ ಗಾಡಿಗೆ ಬೂದುಗುಂಬಳಕಾಯಿ ಒಡೆದದ್ದು ಅವರೇ, ಅದು ಬೇರೆ ಮಾತು. ಸೊಂಟನೋವು ಮಾತ್ರ ಕಾಯಂ ಆಗಿದೆ.

ನಿಮಗೆ ನನ್ನ ಸಲಹೆ ಏನಂದರೆ, ರಾಜೀನಾಮೆ ಆಮೇಲೆ. ಮೊದಲು ಹೆವಿ ಲೈಸೆನ್ಸ್ ಮಾಡಿಸಿ. ಕಾರಿನ ಲೈಸೆನ್ಸ್ ಆಗಿ ಒಂದು ವರ್ಷ ಆಗಿದ್ದರೆ ಅರ್ಜಿ ಹಾಕಬಹುದು. ಕಾರಿನ ಲೈಸೆನ್ಸಿನಲ್ಲೇ ಒಟ್ಟು ತೂಕ 7,500 ಕೆಜಿ ಮೀರದ ಗೂಡ್ಸ್ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಚಿಕ್ಕ ಗಾಡಿಯಿಂದ ಶುರು ಮಾಡುವ ದಾರಿಯೂ ಇದೆ. ಆಮೇಲೆ ಸಂಬಳವಿಲ್ಲದ ರಜೆ ಸಿಗುತ್ತಾ ಕೇಳಿ. ಎರಡು ಮೂರು ತಿಂಗಳು ಬೇರೆಯವರ ಗಾಡಿಯಲ್ಲಿ ಹೋಗಿ, ಅದರಲ್ಲಿ ಒಂದು ತಿಂಗಳು ಮಳೆಗಾಲದ್ದಿರಲಿ. ಡಿಸೆಂಬರ್‌ನಲ್ಲಿ ಓಡಿಸಿದರೆ ಎಲ್ಲರಿಗೂ ಲಾರಿ ಇಷ್ಟ ಆಗುತ್ತೆ.

ಇನ್ಕಮ್ ಟ್ಯಾಕ್ಸ್ ಬಗ್ಗೆ ಕೇಳಿದ್ದಿರಿ. ಹತ್ತು ಗಾಡಿಯವರೆಗೆ ಇರುವವರಿಗೆ, ನಿಜವಾದ ಲಾಭದ ಲೆಕ್ಕ ತೋರಿಸದೆ, ಅಂದಾಜು ಆದಾಯದ ದಾರಿ ಇದೆ. 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್‌ಗೆ 1,000 ರೂಪಾಯಿಯಂತೆ, ನನ್ನ 28 ಟನ್‌ಗೆ 28 ಸಾವಿರ ಆದಾಯ ಅಂತ ಹಿಡಿಯುತ್ತಾರೆ, ಅದು ಟ್ಯಾಕ್ಸ್ ಅಲ್ಲ. ಗಾಡಿ ಶೆಡ್ಡಿನಲ್ಲಿ ನಿಂತ ತಿಂಗಳಿಗೂ ಅಷ್ಟೇ. ಹತ್ತಕ್ಕಿಂತ ಜಾಸ್ತಿ ಗಾಡಿ ಇಲ್ಲ ಅಂತ ಬಾಡಿಗೆ ಕೊಡುವವರಿಗೆ ಪ್ಯಾನ್ ಸಮೇತ ಡಿಕ್ಲರೇಷನ್ ಕೊಟ್ಟುಬಿಡಿ, ಟಿಡಿಎಸ್ ಮುರಿಯಲ್ಲ.

ಹಳೇ ಗಾಡಿ ನೋಡೋಕೆ ಹೋಗುವಾಗ ನಿಮ್ಮ ಮೆಕ್ಯಾನಿಕ್‌ನನ್ನೇ ಕರ್ಕೊಂಡು ಹೋಗಿ, ಮಾರುವವರು ತೋರಿಸಿದವನನ್ನಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀವು ಬರುವ ಹೊತ್ತಿಗೆ ಬಾನೆಟ್ ಬಿಸಿ ಇದ್ದರೆ ಚಾ ಕುಡಿದು ವಾಪಸ್ ಬನ್ನಿ. ಆರ್‌ಸಿಯಲ್ಲಿ ಹಳೇ ಸಾಲ ತೆಗೆಸಿದ್ದಾರಾ, ಬಾಕಿ ಚಲನ್ ಎಷ್ಟಿದೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ನೋಡಿ. ನಾನು ಕೊಟ್ಟ ಮೇಲೆ ನೋಡಿದೆ. 17 ಚಲನ್ ಇತ್ತು.